ಕಣ್ಣಿ ಬಿಚ್ಚುವ ಹೊತ್ತು

ಆಷಾಢ ಮುಗಿಯುತ್ತ ಬಂದಂತೆ ಜಮಖಂಡಿ ಸೀಮೆಯ ಚಹಾದಂಗಡಿಗಳಲ್ಲಿ ಮಾತೆಲ್ಲ ಒಂದೇ ಲೆಕ್ಕದ ಸುತ್ತ ತಿರುಗುತ್ತದೆ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಲ್ಲಿ ಎಷ್ಟು ಹರಿಯುತ್ತಿದೆ, ಅದು ಹಿಪ್ಪರಗಿಗೆ ಯಾವಾಗ ಬಂದೀತು. ಮುಧೋಳದ ಕಡೆ ಹೋದರೆ ಅದೇ ಲೆಕ್ಕ ಹಿಡಕಲ್ ಅಣೆಕಟ್ಟಿನದು, ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳದು. ಶಾಲೆ ಬಿಟ್ಟು ಐವತ್ತು ವರ್ಷವಾದ ಅಜ್ಜನೂ ಕ್ಯೂಸೆಕ್ ಎಂಬ ಮಾತನ್ನು ತಡವರಿಸದೆ ಆಡುತ್ತಾನೆ. ನೀರಿನ ಮುನ್ಸೂಚನೆಯನ್ನು ಕೃಷ್ಣಾ, ಘಟಪ್ರಭಾ ದಂಡೆಯ ಜನ ಪೆಟ್ಟು ತಿಂದು ಕಲಿತರು. 2005, 2019, 2021 ಎಂದು ಹೇಳಿದರೆ ಸಾಕು, ಯಾವ ವರ್ಷ ನೀರು ಯಾರ ಮನೆಯ ಎಷ್ಟನೆಯ ಮೆಟ್ಟಿಲಿಗೆ ಬಂತು ಎಂದು ಬೊಟ್ಟಿಟ್ಟು ತೋರಿಸುತ್ತಾರೆ.

ನೀರಿನ ಬೆನ್ನಿಗೆ ಬರುವ ಬೇನೆಗೂ ಇಂಥದೇ ಲೆಕ್ಕವಿದೆ. ಮಳೆಗಾಲದಲ್ಲಿ ಎಮ್ಮೆಗಳ ಗಂಟಲು ಯಾಕೆ ಬಾಯುತ್ತದೆ, ಯಾವ ತಿಂಗಳಲ್ಲಿ ಕುರಿಗಳಿಗೆ ನೀಲಿ ನಾಲಿಗೆ ರೋಗ ತಗಲುತ್ತದೆ, ಎಂಥ ಸತ್ತ ದನವನ್ನು ಕೊಯ್ಯಬಾರದು, ಇವೆಲ್ಲ ವಿಜ್ಞಾನಕ್ಕೆ ಎಂದೋ ತಿಳಿದ ಸಂಗತಿಗಳು. ಆದರೆ ಈ ಲೆಕ್ಕ ಚಹಾದಂಗಡಿಗೆ ಇನ್ನೂ ಇಳಿದಿಲ್ಲ. ಅದನ್ನು ಊರೊಳಗೆ ತರಬೇಕಾದವರು ದನದ ದವಾಖಾನೆಯ ಮಂದಿ. ಅವರಿಗೆ ಅದನ್ನು ಯಾವಾಗ, ಎಲ್ಲಿ, ಹೇಗೆ ಕಲಿಸಬೇಕು ಎಂಬುದು ಈ ವಾರ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ, ಈ ನಾಲ್ಕು ತಾಲ್ಲೂಕುಗಳನ್ನು ನೀರೇ ಒಂದು ದಾವಣಿಗೆ ಕಟ್ಟಿದೆ. ರಬಕವಿ-ಬನಹಟ್ಟಿ, ಜಮಖಂಡಿಗಳ ಬಗಲಲ್ಲಿ ಕೃಷ್ಣೆ. ಮುಧೋಳದ ನಡುವೆ ಘಟಪ್ರಭೆ. ಎರಡೂ ಬೀಳಗಿ ಸೀಮೆಯ ಚಿಕ್ಕಸಂಗಮದಲ್ಲಿ ಕೂಡುತ್ತವೆ, ಅಲ್ಲಿಂದ ಮುಂದೆ ಆಲಮಟ್ಟಿಯ ಹಿನ್ನೀರು. ಮೇಲೆ ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆ, ಬೆಳಗಾವಿ ಜಿಲ್ಲೆಯ ಹಳ್ಳಗಳ ನೀರು, ಕೆಳಗೆ ಅಣೆಕಟ್ಟಿನ ಗೇಟು, ಇವುಗಳ ನಡುವೆ ಮುತ್ತೂರು, ತುಬಚಿ, ಶೂರ್ಪಾಲಿಯಂಥ ಹಳ್ಳಿಗಳು. ಇದು ಕಬ್ಬಿನ ಸೀಮೆ, ಜೊತೆಗೆ ಹೈನದ ಸೀಮೆ. ಮನೆಗೆ ಎರಡು ಎಮ್ಮೆ, ಒಂದು ಆಕಳು, ನಾಲ್ಕು ಆಡು. ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ ಬಂದರೆ ಬಂತು. ಹಾಲಿನ ದುಡ್ಡು ವಾರವಾರ ಕೈಗೆ ಬರುತ್ತದೆ, ಬಹಳ ಸಲ ಮನೆಯ ಹೆಣ್ಣುಮಗಳ ಕೈಗೆ.

2019ರ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ಉತ್ತರ ಕರ್ನಾಟಕದಲ್ಲಿ ಅದು ತವರಿಗೆ ಬಂದ ಹೆಣ್ಣುಮಕ್ಕಳ ಹಬ್ಬ, ಉಂಡಿಯ ಹಬ್ಬ, ಜೋಕಾಲಿಯ ಹಬ್ಬ. ಆ ವಾರವೇ ಹೊಳೆ ಊರಿಗೆ ಬಂತು. ಆಲಮಟ್ಟಿಯಿಂದ ಹೊರಬಿಟ್ಟ ನೀರು ಐದು ಲಕ್ಷ ಕ್ಯೂಸೆಕ್ ದಾಟಿತು. ದೋಣಿಗಳು ಬಂದವು, ಜನರನ್ನು ಕರೆದವು. ಹತ್ತಲು ಒಲ್ಲೆನೆಂದವರು ಬಹಳ ಮಂದಿ. 'ಎಮ್ಮಿ ಬಿಟ್ಟು ನಾ ಹ್ಯಾಂಗ ಬರ್ಲಿ ತಮ್ಮಾ?' ಈ ಮಾತನ್ನು ದಂಡೆಯ ಪ್ರತಿ ಊರೂ ಕೇಳಿದೆ. ಅಧಿಕಾರಿಗಳಿಗೆ ಇದು ಹಟವಾಗಿ ಕಂಡೀತು. ನನಗೆ ಹಾಗೆ ಕಾಣುವುದಿಲ್ಲ. ಬದುಕಿ ಹೊರಬಂದ ಮೇಲೆ ಯಾವುದರ ಮೇಲೆ ಬದುಕಬೇಕೋ ಅದನ್ನೇ ಬಿಟ್ಟು ಬಾ ಎಂದರೆ ಯಾರು ಬಂದಾರು? ದನಗಳಿಗೆ ಜಾಗ ಮಾಡದ ಪರಿಹಾರ ಯೋಜನೆ ಮನುಷ್ಯರನ್ನೂ ಪೂರ್ತಿ ಉಳಿಸಲಾರದು.

ದನ ಉಳಿಸುವ ಮೊದಲ ಪಾಠ ಬಹಳ ಸಣ್ಣದು. ಕಟ್ಟಿದ ದನ ಮುಳುಗುತ್ತದೆ, ಬಿಚ್ಚಿದ ದನ ಈಜುತ್ತದೆ. ರಾತ್ರಿ ನೀರು ನುಗ್ಗಿದ ಕೊಟ್ಟಿಗೆಗಳಲ್ಲಿ ಗೋದಲಿಗೆ ಕಟ್ಟಿದ ಹಾಗೆಯೇ ಸತ್ತ ದನಗಳನ್ನು ಕಂಡವರಿಗೆ ಇದರ ಅರ್ಥ ಗೊತ್ತು. ಹಾಗಾದರೆ ಕಣ್ಣಿ ಯಾವಾಗ ಬಿಚ್ಚಬೇಕು? ರಾಜಾಪುರದ ಲೆಕ್ಕ ಎಷ್ಟಾದಾಗ ಕರು, ಗಬ್ಬದ ಎಮ್ಮೆಗಳನ್ನು ಮೊದಲು ದಾಟಿಸಬೇಕು, ಎಷ್ಟಾದಾಗ ಉಳಿದವನ್ನು? ಯಾವ ದಿನ್ನೆಗೆ? ಅಲ್ಲಿ ನೀರಿದೆಯೇ, ನೆರಳಿದೆಯೇ, ಬಣವೆಯ ಕಣಿಕೆಯನ್ನು ಮುಂಚೆಯೇ ಸಾಗಿಸಿದ್ದಾರೆಯೇ? ಇದನ್ನೆಲ್ಲ ಊರಿನವರ ಜೊತೆ ಕೂತು ಗೊತ್ತುಮಾಡುವ ಒಬ್ಬ ಮನುಷ್ಯ ಬೇಕು. ಅವನಿಗೆ ದನವೂ ತಿಳಿದಿರಬೇಕು, ಊರೂ ತಿಳಿದಿರಬೇಕು.

ಆ ಮನುಷ್ಯ ಯಾರು? ನಾವು 'ದನದ ಡಾಕ್ಟರ್' ಎಂದು ಕರೆಯುವವರು ಒಬ್ಬರು, ಅವರ ಪಾಲಿಗೆ ಹಳ್ಳಿಗಳು ಹತ್ತಾರು. ಅವರ ಕೆಳಗೆ ಪಶುವೈದ್ಯಕೀಯ ಪರೀಕ್ಷಕರು, ದವಾಖಾನೆಯಲ್ಲಿ ದನ ಹಿಡಿದು ನಿಲ್ಲುವ ನೌಕರರು, ಹಾಲಿನ ಸಂಘದ ಕೃತಕ ಗರ್ಭಧಾರಣೆ ಕಾರ್ಯಕರ್ತರು, ಈಚೆಗೆ ಸ್ತ್ರೀಶಕ್ತಿ, ಸಂಜೀವಿನಿ ಗುಂಪುಗಳಿಂದ ಬಂದ ಪಶು ಸಖಿಯರು. 1962ಕ್ಕೆ ಫೋನು ಮಾಡಿದರೆ ಪಶು ಸಂಜೀವಿನಿ ಗಾಡಿ ಬರುವ ವ್ಯವಸ್ಥೆಯೂ ಬಂದಿದೆ, ಒಳ್ಳೆಯದೇ ಆಯಿತು. ಆದರೆ ಘಟಪ್ರಭೆ ತುಂಬಿ ಮುಧೋಳ-ಯಾದವಾಡ ಸೇತುವೆ ನೀರಡಿ ಹೋದ ದಿನ ಗಾಡಿ ಆಚೆ ದಂಡೆಯಲ್ಲೇ ನಿಲ್ಲುತ್ತದೆ. ಡಾಕ್ಟರೂ ಆಚೆಯೇ ಉಳಿದಿರಬಹುದು. ಈಚೆ ಉಳಿದವರು ಒಬ್ಬ ಪಶು ಸಖಿ, ಅಥವಾ ಇಪ್ಪತ್ತೈದು ವರ್ಷ ದನ ಹಿಡಿದು ನಿಂತ ಒಬ್ಬ ನೌಕರ. ನೀರು ಇಳಿಯುವವರೆಗೆ ಊರಿನ ಪಶುವೈದ್ಯ ಇಲಾಖೆ ಎಂದರೆ ಅವರೇ.

ಹಿಂದೊಮ್ಮೆ ದನದ ದವಾಖಾನೆಯ ಮಂದಿಯ ಒಂದು ತರಬೇತಿಯಲ್ಲಿ ನಾನು ಕೂತಿದ್ದೆ. ತೆರೆಯ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿತ್ತು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು. ಹಿಂದಿನ ಬಾಗಿಲ ಹತ್ತಿರ ಅಂಥವನೇ ಒಬ್ಬ ಹಳೆಯ ನೌಕರ ನಿಂತು ಕೇಳುತ್ತಿದ್ದ. ಸತ್ತ ದನದ ವಿಷಯ ಬಂದಾಗ ಅವನನ್ನು ಚಹಾ ತರಲು ಕಳಿಸಿದರು. ಸತ್ತ ದನವನ್ನು ಮುಟ್ಟಬೇಕಾದವನು ಅವನೇ ಆಗಿದ್ದ. ಅವನು ಹೊರಗೆ ಹೋದದ್ದು ಇಂದಿಗೂ ನನ್ನ ಕಣ್ಣ ಮುಂದಿದೆ.

ಸತ್ತ ದನದ ಬಗ್ಗೆ ಯಾಕೆ ಇಷ್ಟು ಕಾಳಜಿ ಎಂದರೆ ನೆರಡಿ ಬೇನೆಯ ಸ್ವಭಾವ ಹಾಗಿದೆ. ಆಂಥ್ರಾಕ್ಸ್ ಎಂದು ಡಾಕ್ಟರರು ಕರೆಯುವ ಇದರಲ್ಲಿ ನಿನ್ನೆ ಸಂಜೆ ಮೇವು ತಿಂದ ದನ ಇಂದು ಬೆಳಗ್ಗೆ ಸತ್ತಿರುತ್ತದೆ. ಮೂಗು, ಬಾಯಿ, ಗುದದ್ವಾರದಿಂದ ಕಪ್ಪು ರಕ್ತ ಒಸರಿ, ಹೆಪ್ಪುಗಟ್ಟದೆ ಹಾಗೇ ಇರುತ್ತದೆ. ಹೆಣ ಬೇಗ ಉಬ್ಬುತ್ತದೆ, ಸೆಟೆಯುವುದಿಲ್ಲ. ಮುಚ್ಚಿದ ಹೆಣದೊಳಗೆ ಆ ರೋಗಾಣುಗಳು ಕೊಳೆತದ ಜೊತೆಗೇ ಸಾಯುತ್ತವೆ. ಕೊಯ್ದರೆ ಗಾಳಿ ತಾಗಿ ಗಟ್ಟಿ ಚಿಪ್ಪಿನ ಬೀಜಕಣಗಳಾಗುತ್ತವೆ, ಆ ಬೀಜಕಣ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತದೆ. ತೊಗಲು ಸುಲಿಯಲು ಹಾಕಿದ ಒಂದು ಚೂರಿ ಗೀರಿನಿಂದ ಆ ಹೊಲಕ್ಕೆ ಮೊಮ್ಮಕ್ಕಳ ಕಾಲದವರೆಗೆ ಕಂಟಕ. ಹೊಳೆ ದಂಡೆ ಕೊರೆದಾಗ, ಹಳೆಯ ಗುಂಡಿಯ ಮಣ್ಣು ತೇಲಿ ಹುಲ್ಲುಗಾವಲಿಗೆ ಬಂದಾಗ ಆ ಬೀಜಕಣ ಮೇಲೆ ಬರುತ್ತದೆ. 2016ರಲ್ಲಿ ಸೈಬೀರಿಯಾದ ಯಮಾಲ್ ಸೀಮೆಯಲ್ಲಿ ಹೆಪ್ಪುಗಟ್ಟಿದ್ದ ನೆಲ ಬೇಸಿಗೆಯಲ್ಲಿ ಕರಗಿ ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳು ಇದೇ ಬೇನೆಯಿಂದ ಸತ್ತವು, ಹನ್ನೆರಡು ವರ್ಷದ ಹುಡುಗನೊಬ್ಬ ತೀರಿಕೊಂಡ. ಅಲ್ಲಿ ಹಿಮ, ಇಲ್ಲಿ ಎರೆಮಣ್ಣು. ಎರಡೂ ಕಡೆ ನೆಲ ತನ್ನೊಳಗೆ ಹೂತದ್ದನ್ನು ಮರೆಯಲಿಲ್ಲ.

ಆದ್ದರಿಂದ ಕಾರಣ ತಿಳಿಯದೆ ದಿಢೀರನೆ ಸತ್ತ ದನವನ್ನು ಕೊಯ್ಯಬಾರದು, ಮರಣೋತ್ತರ ಪರೀಕ್ಷೆಯ ಆತುರವನ್ನೂ ಮಾಡಬಾರದು. ಡಾಕ್ಟರರು ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ಪರೀಕ್ಷೆಗೆ ಕಳಿಸುತ್ತಾರೆ. ಹೆಣವನ್ನು ಆರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಬೇಕು, ಬಾವಿ ಹಳ್ಳಗಳಿಂದ ದೂರ. ಇಲ್ಲೊಂದು ತೊಡಕಿದೆ. ನೆರೆಯ ಹೊತ್ತಿಗೆ ದಂಡೆಯ ಊರುಗಳಲ್ಲಿ ಆರು ಅಡಿ ತೋಡಿದರೆ ನೀರು ಬರುತ್ತದೆ. ಜೆಸಿಬಿ ಸಿಗದು, ಸುಣ್ಣ ಸಿಗದು. ಹೂಳುವ ಎತ್ತರದ ಜಾಗವನ್ನು ಪಂಚಾಯಿತಿ ಬೇಸಿಗೆಯಲ್ಲೇ ಗುರುತಿಸಿ ಬರೆದಿಡದಿದ್ದರೆ ನೆರೆಯ ದಿನ ಹೆಣ ಹೊಳೆಗೇ ಹೋಗುತ್ತದೆ, ಕೆಳಗಿನ ಊರಿಗೆ ಮುಟ್ಟುತ್ತದೆ. ನಾಲ್ಕು ತಾಲ್ಲೂಕುಗಳಿಗೆ ಒಟ್ಟಿಗೇ ತರಬೇತಿ ಆಗಬೇಕು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ನನಗೆ ಕಾಣುವುದಿಲ್ಲ. ರಬಕವಿಯ ತಪ್ಪಿಗೆ ಬೀಳಗಿಯ ದನ ಸಾಯಬಾರದು.

ಇನ್ನು ಗಳಲೆ ರೋಗ, ಅದೇ ಗಂಟಲು ಬೇನೆ. ಇದರ ರೋಗಾಣು ಎಷ್ಟೋ ದನಗಳ ಮೂಗು ಗಂಟಲಲ್ಲಿ ಸದ್ದಿಲ್ಲದೆ ಇರುತ್ತದೆ. ಮಳೆಯಲ್ಲಿ ತೊಯ್ದು, ಹೊಟ್ಟೆಗಿಲ್ಲದೆ, ಸಿಕ್ಕ ಜಾಗದಲ್ಲಿ ಒತ್ತಾಗಿ ನಿಂತು ದನ ಸೋತಾಗ ತಲೆ ಎತ್ತುತ್ತದೆ. ಎಮ್ಮೆಗಳಿಗಂತೂ ಇದು ಯಮ: ಗಂಟಲು ಬಾತು, ಉಸಿರು ಗೊರಗೊರ ಎಂದು, ಒಂದೆರಡು ದಿನದಲ್ಲಿ ಮುಗಿದುಹೋಗುತ್ತದೆ. ಪ್ರಾಯದ ಮಣಕ, ಹೋರಿಗಳಿಗೆ ಬರುವ ಚಪ್ಪೆ ಬೇನೆಯೂ ಮಳೆಗಾಲದ್ದೇ, ತೊಡೆಯ ಮೇಲಿನ ಬಾವು ಒತ್ತಿದರೆ ಚರಚರ ಎನ್ನುತ್ತದೆ. ಎರಡಕ್ಕೂ ಲಸಿಕೆ ಇದೆ. ಆದರೆ ಲಸಿಕೆ ಚುಚ್ಚಿದ ಮರುದಿನವೇ ದನಕ್ಕೆ ಬಲ ಬರುವುದಿಲ್ಲ, ಎರಡು ಮೂರು ವಾರ ಬೇಕು. ಹೊಳೆ ಬಂದ ಮೇಲೆ ಪರಿಹಾರ ಕೇಂದ್ರದಲ್ಲಿ ಸೂಜಿ ಹಿಡಿದು ನಿಂತ ಫೋಟೊ ಪತ್ರಿಕೆಗೆ ಚೆನ್ನಾಗಿರಬಹುದು, ಆ ನೆರೆಯ ಬೇನೆಗೆ ಅದು ತಡ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲೇ ಇರಬೇಕು ಎಂಬುದು ಇನ್ನೊಂದು ಪಾಠ. ಕರೆಂಟು ಮೂರು ದಿನ ಇಲ್ಲದ ಊರಿನಲ್ಲಿ ಐಸು ಎಲ್ಲಿಂದ ತರುವುದು, ಫ್ರಿಜ್ಜಿನಲ್ಲೇ ಬೆಚ್ಚಗಾದ ಲಸಿಕೆಯನ್ನು ಎಸೆಯುವ ಧೈರ್ಯ ಯಾರು ಮಾಡುವುದು, ಇದನ್ನು ಕಲಿಸದ ತರಬೇತಿ ಅರ್ಧ ತರಬೇತಿ.

ನೆರೆಯಿಂದ ಪಾರಾದ ದನ ಕರುಣೆಯಿಂದಲೂ ಸಾಯುತ್ತದೆ. ಪರಿಹಾರ ಕೇಂದ್ರದಲ್ಲಿ ಅನ್ನ ಉಳಿಯುತ್ತದೆ, ರೊಟ್ಟಿ ಉಳಿಯುತ್ತದೆ, ಯಾರೋ ಪುಣ್ಯಾತ್ಮರು ಜೋಳದ ಚೀಲ ತಂದು ಸುರಿಯುತ್ತಾರೆ. ಎರಡು ದಿನ ಹಸಿದ ಆಕಳು ಗಬಗಬ ತಿನ್ನುತ್ತದೆ. ದನದ ಮೊದಲ ಹೊಟ್ಟೆಯಲ್ಲಿ ಮೇವನ್ನು ಕೊಳೆಸಿ ಅರಗಿಸುವ ಸೂಕ್ಷ್ಮಜೀವಿಗಳು ಹುಲ್ಲು ಕಣಿಕೆಗೆ ಒಗ್ಗಿರುತ್ತವೆ. ಒಮ್ಮೆಗೇ ಕಾಳು, ಅನ್ನ ಬಿದ್ದರೆ ಹುಳಿ ಏರಿ, ಹೊಟ್ಟೆ ನಿಂತು, ದನ ನೆಲ ಹಿಡಿಯುತ್ತದೆ. ಬೂಸಲು ಹಿಡಿದ ಮೇವೂ ವಿಷವೇ. ಇದಕ್ಕೆ ಔಷಧಕ್ಕಿಂತ ಬೇಕಾದದ್ದು ಕೇಂದ್ರದ ಬಾಗಿಲಲ್ಲಿ ನಿಂತು 'ಅನ್ನ ಹಾಕಬ್ಯಾಡ್ರಿ, ಒಣ ಮೇವು ತರ್ರಿ' ಎಂದು ಗಟ್ಟಿಯಾಗಿ ಹೇಳುವ ಒಂದು ದನಿ. ದಾನಿಗಳೆದುರು ಬೇಡವೆನ್ನಲು ಪಶು ಸಖಿಗೆ ಸಂಕೋಚವಾಗುತ್ತದೆ. ಅಧಿಕಾರ ಕೊಟ್ಟು, ಬೆನ್ನಿಗೆ ನಿಂತು ಕಲಿಸಿದರೆ ಹೇಳುತ್ತಾಳೆ.

ಹೊಳೆಯಿಂದ ನಾಲ್ಕು ಹರದಾರಿ ಆಚೆ ಇದೇ ತಾಲ್ಲೂಕುಗಳ ಒಣ ಹೊಲಗಳಿವೆ ಎಂಬುದನ್ನೂ ಮರೆಯುವಂತಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಬರದಲ್ಲಿ ಬಾಡಿದ ಎಳೆ ಜೋಳದ ಪೈರಿನಲ್ಲಿ ಸಯನೈಡ್ ವಿಷ ಕೂಡುತ್ತದೆ. ಹಸಿದ ದನ ಬೇಲಿ ಹಾರಿ ಅದನ್ನು ಮೇಯ್ದರೆ ಗಳಿಗೆಯಲ್ಲಿ ಸಾಯಬಹುದು. ಬೇಗ ಸೋಡಿಯಂ ಥಯೋಸಲ್ಫೇಟ್ ಕೊಟ್ಟರೆ ಉಳಿಯುವ ಸಾಧ್ಯತೆಯಿದೆ, ಹಾಗಾಗಿ ಅದು ಹಳ್ಳಿಯ ದವಾಖಾನೆಯಲ್ಲೇ ಇರಬೇಕು.

ಬೇನೆ ನಡೆದೂ ಬರುತ್ತದೆ. ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡಿದೊಡನೆ ಹೊರಗಿನಿಂದ ಕಬ್ಬು ಕಡಿಯುವ ಗ್ಯಾಂಗುಗಳು ಎತ್ತಿನ ಗಾಡಿ ಕಟ್ಟಿಕೊಂಡು ಬಂದು ಹೊಲದ ಅಂಚಿನಲ್ಲಿ ಗುಡಿಸಲು ಹಾಕುತ್ತವೆ. ಕುರಿಗಾರರ ಹಿಂಡುಗಳು ಸಾಗುತ್ತವೆ, ಕೆರೂರು, ಅಮೀನಗಡದ ಸಂತೆಗಳಲ್ಲಿ ಕುರಿಗಳು ಕೈ ಬದಲಾಗುತ್ತವೆ. ಕಾಲುಬಾಯಿ ಬೇನೆಗೆ, ಕುರಿಗಳಿಗೆ ಬರುವ ಪಿಪಿಆರ್ ಎಂಬ ಅಂಟುಬೇನೆಗೆ ಇವೇ ದಾರಿ. ಬಂದ ಎತ್ತುಗಳಿಗೆ ಲಸಿಕೆ ಆಗಿದೆಯೇ ಎಂದು ಕಿವಿಯೋಲೆಯ 12 ಅಂಕಿ ನೋಡಿ ತಿಳಿಯಬಹುದು. ಆ ಬಡ ಕೂಲಿಕಾರರನ್ನು ಕಳ್ಳರಂತೆ ಕಾಣದೆ, ಬಂದ ದಿನವೇ ಗುಡಿಸಲಿಗೆ ಹೋಗಿ ಲಸಿಕೆ ಹಾಕುವುದು ನಮ್ಮ ದನಗಳಿಗೂ ಲೇಸು, ಅವರ ಎತ್ತಿಗೂ ಲೇಸು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ದನದ ಸಂತೆ ಜಾತ್ರೆಗಳು ನಿಂತುಹೋದವು. ಆಗ ಆ ಹಾಲು ಕುಡಿದರೆ ಮನುಷ್ಯರಿಗೂ ಗಂಟು ಬರುತ್ತದೆಂಬ ಸುಳ್ಳು ಸುದ್ದಿ ಹರಡಿ ರೈತರು ಇನ್ನಷ್ಟು ಸೋತರು. ಆ ರೋಗ ಮನುಷ್ಯರಿಗೆ ಬರುವುದಿಲ್ಲ. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ದನದಿಂದ ದನಕ್ಕೆ ದಾಟುತ್ತದೆ.

ಮನುಷ್ಯರಿಗೆ ಬರುವ ಬೇನೆಗಳು ಬೇರೆ ಇವೆ, ಮೊದಲ ಬಲಿ ಆಗುವವರು ಈ ಕೆಲಸಗಾರರೇ. ಕಂದು ಹಾಕಿದ ಆಕಳಿನ ಮಾಸವನ್ನು ಬರಿಗೈಯಲ್ಲಿ ತೆಗೆದವರಿಗೆ ಬ್ರುಸೆಲ್ಲೋಸಿಸ್ ತಗಲಿ ವರ್ಷಗಟ್ಟಲೆ ಜ್ವರ, ಕೀಲುನೋವು ಕಾಡುತ್ತವೆ. ನೆರೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಇಲಿಜ್ವರ. ಹುಚ್ಚು ಹಿಡಿದ ದನದ ಬಾಯಿಗೆ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಕೈ ಹಾಕಿದವರಿಗೆ ರೇಬೀಸ್. ಕೈಗವಸು, ಗಮ್‌ಬೂಟು, ಮುಂಚಿತವಾಗಿ ಹಾಕುವ ರೇಬೀಸ್ ಲಸಿಕೆ, ಇವನ್ನು ಕೊಡದೆ ಜಾಗ್ರತೆಯ ಪಾಠ ಮಾತ್ರ ಹೇಳುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಜ್ವರ ಬಂದ ಪರೀಕ್ಷಕ ಮನುಷ್ಯರ ಡಾಕ್ಟರ ಮುಂದೆ 'ನಾ ದನದ ದವಾಖಾನಿಯವ್ನರೀ' ಎಂದು ಮೊದಲ ಮಾತಿನಲ್ಲೇ ಹೇಳುವುದನ್ನೂ ಕಲಿಯಬೇಕು. ಎಷ್ಟೋ ಸಲ ರೋಗ ಪತ್ತೆಗೆ ಆ ಒಂದು ಮಾತೇ ದಾರಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳ ಸಾವನ್ನೂ ಜನರ ಜ್ವರವನ್ನೂ ಜೋಡಿಸಿ ನೋಡಿದ್ದರಿಂದಲೇ ಮಂಗನ ಕಾಯಿಲೆ ಬೆಳಕಿಗೆ ಬಂತು.

ಲೆಕ್ಕ ಹಾಕಿಕೊಡುವವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಎಂಬ ಕೇಂದ್ರ ಸಂಸ್ಥೆ ಹಳೆಯ ರೋಗಗಳ ದಾಖಲೆ, ಮಳೆ, ಉಷ್ಣಾಂಶ, ದನಗಳ ಸಂಖ್ಯೆಗಳನ್ನು ಕೂಡಿಸಿ ಯಾವ ಜಿಲ್ಲೆಗೆ ಯಾವ ಬೇನೆಯ ಭಯವಿದೆ ಎಂದು ಎರಡು ತಿಂಗಳು ಮುಂಚೆಯೇ ಹೇಳುತ್ತದೆ. ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಮ್ ಸಂಸ್ಥೆಯಾಗಿ ಹುಟ್ಟಿದ ಲಸಿಕೆಯ ಸಂಸ್ಥೆ ಇದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲೇ ಇದೆ. ಮುಧೋಳ ನಾಯಿಗೆ ಹೆಸರಾದ ಆ ಅಂಗಳದಲ್ಲಿ ಎಮ್ಮೆಯ ಪಾಠವೂ ನಡೆಯಬಹುದು. ಆದರೆ ಜಿಲ್ಲೆಯ ಮಟ್ಟದ ಎಚ್ಚರಿಕೆ ಹಳ್ಳಿಯ ಕೆಲಸವಾಗಬೇಕಾದರೆ ಹಳ್ಳಿಯಿಂದ ಮೇಲಕ್ಕೂ ಸುದ್ದಿ ಹೋಗಬೇಕು. 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿರುವ ರೋಗದ ಸಂಶಯ ಬಂದರೆ ತಿಳಿಸುವುದು ದನದ ಒಡೆಯನ ಕರ್ತವ್ಯ. ಒಂದು ಸಾವನ್ನು ಮುಚ್ಚಿಟ್ಟರೆ ಯಲಹಂಕದ ಲೆಕ್ಕವೂ ಅಷ್ಟರಮಟ್ಟಿಗೆ ತಪ್ಪುತ್ತದೆ.

ಕೆಳಗಿನವರನ್ನು ನಂಬಿ ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡರೋಗ ಸಾಕ್ಷಿ. ಕೊಟ್ಟಿಗೆಗಳನ್ನೇ ಬರಿದು ಮಾಡುತ್ತಿದ್ದ ಆ ಬೇನೆ ಭೂಮಿಯಿಂದಲೇ ಇಲ್ಲವಾಯಿತೆಂದು 2011ರಲ್ಲಿ ಘೋಷಣೆಯಾಯಿತು. ಇಥಿಯೋಪಿಯಾದ ಅಫಾರ್ ಸೀಮೆಯಲ್ಲಿ ಡಾಕ್ಟರರು ಹೋಗಲಾರದ ಕಡೆ ಅಲ್ಲಿನ ದನಗಾಹಿಗಳಿಗೇ ಬಿಸಿಲು ತಡೆಯುವ ಲಸಿಕೆ ಕೊಟ್ಟು, ಹಾಕಲು ಕಲಿಸಿದ್ದರು. ನಮ್ಮ ಸೀಮೆಗೂ ಕೂಡಿ ಮಾಡುವುದು ಹೊಸದಲ್ಲ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ದುಡ್ಡು ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು, ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಅಷ್ಟು ದೊಡ್ಡ ನೀರನ್ನು ಹಿಡಿದು ನಿಲ್ಲಿಸಿದ ಊರುಗಳಿಗೆ ನಾಲ್ಕು ಗೂಟಗಳ ಲೆಕ್ಕ ಭಾರವಲ್ಲ.

ಪರಿಹಾರದ ಮಾತನ್ನೂ ಹೇಳಿಬಿಡುತ್ತೇನೆ. ಕೇಂದ್ರ 2022ರಲ್ಲಿ ಪರಿಷ್ಕರಿಸಿದ ಮಾನದಂಡದಂತೆ ವಿಪತ್ತಿನಲ್ಲಿ ಸತ್ತ ಹಾಲು ಕೊಡುವ ಎಮ್ಮೆ, ಆಕಳಿಗೆ 37,500 ರೂಪಾಯಿ, ಎತ್ತಿಗೆ 32,000, ಕರುವಿಗೆ 20,000, ಕುರಿ ಆಡಿಗೆ 4,000 ಎಂದಿತ್ತು. ದನ ಹೊಳೆಯಲ್ಲಿ ತೇಲಿಹೋದರೆ ಸತ್ತಿದೆ ಎನ್ನಲು ಹೆಣವಿಲ್ಲ, ಇತ್ತು ಎನ್ನಲು ಪುರಾವೆಯಿಲ್ಲ. ಕಿವಿಯೋಲೆಯ ಸಂಖ್ಯೆ, ಜೂನ್‌ನಲ್ಲೇ ತೆಗೆದಿಟ್ಟ ಒಂದು ಫೋಟೊ ಇದ್ದರೆ ರೈತನಿಗೆ ಕಚೇರಿ ಅಲೆಯುವ ಕಷ್ಟ ಎಷ್ಟೋ ತಪ್ಪುತ್ತದೆ. ಫೋಟೊ ತೆಗೆಯಲು ಡಾಕ್ಟರೇ ಬೇಕೆಂದಿಲ್ಲ.

ನಾಗರ ಪಂಚಮಿಯಿಂದ ಹಿಂದಕ್ಕೆ ಎಣಿಸೋಣ. ಲಸಿಕೆ ಬಲ ಕೂಡಲು ಮೂರು ವಾರ. ಊರೂರು ತಿರುಗಿ ಲಸಿಕೆ ಹಾಕಲು ಒಂದು ತಿಂಗಳು. ಅದಕ್ಕಿಂತ ಮುಂಚೆ ತರಬೇತಿ. ಎಣಿಸಿದರೆ ಕಾರ ಹುಣ್ಣಿಮೆಯ ಆಚೆ ಬದಿಗೆ ಬಂದು ನಿಲ್ಲುತ್ತೇವೆ. ಎತ್ತಿಗೆ ಬಣ್ಣ ಹಚ್ಚಿ ಕರಿ ಹರಿಯುವ ಮುಂಚಿನ ಒಂದೆರಡು ವಾರ, ದನಗಳೆಲ್ಲ ಮನೆಯಲ್ಲಿದ್ದು, ದನದ ಮೇಲೆ ಎಲ್ಲರ ಅಕ್ಕರೆಯೂ ಇರುವ ಕಾಲ. ಸಭಾಂಗಣ ಬೇಡ, ಹೊಳೆಯ ದಂಡೆಗೇ ಹೋಗಬೇಕು. ಒಂದು ದೋಣಿ, ಒಂದು ಎಮ್ಮೆ, ಎರಡು ಹಗ್ಗ. ಡಾಕ್ಟರು, ಪರೀಕ್ಷಕರು, ನೌಕರರು, ಪಶು ಸಖಿಯರು, ತಲಾಟಿ, ಪಿಡಿಒ, ಅಂಬಿಗರು ಒಂದೇ ಕಡೆ ನಿಂತು ಒಂದು ಊರಿನ ದನಗಳನ್ನು ದಿನ್ನೆಯ ಶಾಲೆಗೆ ಹೊಡೆದುಕೊಂಡು ಹೋಗಿ ನೋಡಬೇಕು. ಎಷ್ಟು ಹೊತ್ತು ಹಿಡಿಯಿತು, ಯಾವ ಓಣಿಯಲ್ಲಿ ಸಿಕ್ಕಿಬಿದ್ದವು, ಶಾಲೆಯ ಬಯಲಿನಲ್ಲಿ ಎಷ್ಟು ಗೂಟ ಹಿಡಿಯುತ್ತವೆ, ಕುಡಿಯಲು ಬೋರಿನ ನೀರು ಎಷ್ಟು ದೂರ, ಎಲ್ಲ ಅಂದೇ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಅಂದೇ ಪಂಚಾಯಿತಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಬೇಕು: ಮೊದಲು ದಾಟುವ ಓಣಿ ಯಾವುದು, ಹೂಳುವ ಜಾಗ ಎಲ್ಲಿ, ಸುಣ್ಣದ ಚೀಲ ಯಾರ ಹತ್ತಿರ, ರಾತ್ರಿ ಎರಡು ಗಂಟೆಗೆ ನೀರು ಬಂದರೆ ಶಾಲೆಯ ಗೇಟಿನ ಕೀಲಿ ಯಾರ ಮನೆಯಲ್ಲಿ.